ಹನ್ನೊಂದು ಮಿಲಿಸೆಕೆಂಡಿನ ಗಡುವು



ಇಂದು ನಾನು ಮಾತನಾಡಲು ಒಪ್ಪಿಕೊಂಡಿರುವ ವಿಷಯವು ನನ್ನ ವಯಸ್ಸಿಗೆ ತಕ್ಕುದಲ್ಲವೆಂಬ ಆಕ್ಷೇಪಣೆ ನಿಮ್ಮಲ್ಲಿ ಕೆಲವರಿಗಾದರೂ ತೋರದೆ ಇರದು. ನನ್ನ ಮನೆಯಲ್ಲಿಯೇ ಅದು ತೋರಿದೆ. ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಕಲಕತ್ತೆಯ ದಕ್ಷಿಣ ಭಾಗದಲ್ಲಿ, ಲೇಕ್ ಮಾರ್ಕೆಟ್ಟಿನ ಬಾಳೆಯೆಲೆ, ಮಲ್ಲಿಗೆಮೊಗ್ಗು, ಫಿಲ್ಟರ್ ಕಾಫಿಪುಡಿಗಳ ಪರಿಮಳ ಮುಟ್ಟುವಷ್ಟು ಸಮೀಪದಲ್ಲಿ ಮನೆಮಾಡಿಕೊಂಡು, ಸರ್ಕಾರಿ ಕಚೇರಿಯೊಂದರಲ್ಲಿ ಅಂಕಿಗಳನ್ನು ಕೂಡಿ ಕಳೆದು, ಇದೀಗ ನಿವೃತ್ತಿವೇತನದಲ್ಲಿ ದಿನ ನೂಕುತ್ತಿರುವ ಮಲೆನಾಡಿನ ಮುದುಕನೊಬ್ಬನು ಗ್ರಾಫಿಕ್ಸ್ ಕಾರ್ಡಿನ ಕುರಿತು ಉಪನ್ಯಾಸ ಮಾಡಹೊರಡುವುದೆಂದರೆ, ನನ್ನ ಮನೆಯಾಕೆಯ ಮಾತಿನಲ್ಲಿ, ಮುದಿ ಹೋರಿಗೆ ಗೆಜ್ಜೆ ಕಟ್ಟಿದಂತೆ. ಆದರೆ ಹಣ ಕೊಡಬೇಕಾದವನು ನಾನು. ಕೊಡಬೇಕೋ ಕೊಡಬಾರದೋ ಎಂದು ನಿರ್ಣಯಿಸಬೇಕಾದವನೂ ನಾನೇ. ತಿಳಿಯದೆ ಕೊಡುವುದು ಔದಾರ್ಯವಲ್ಲ, ತಿಳಿಯದೆ ನಿರಾಕರಿಸುವುದು ಹಿರಿತನವಲ್ಲ ಎಂದು ಬಗೆದು, ಮೂರು ತಿಂಗಳ ಕಾಲ ನಾನು ಈ ವಿಷಯದಲ್ಲಿ ವಿದ್ಯಾರ್ಥಿಯಾದೆನು.

ಪ್ರಕರಣ ಆರಂಭವಾದದ್ದು 2025ರ ಜ್ಯೇಷ್ಠ ಮಾಸದಲ್ಲಿ. ಕಲಕತ್ತೆಯ ಜ್ಯೇಷ್ಠವೆಂದರೆ ಬಿಸಿಲಿಗಿಂತ ಬೆವರು ಹೆಚ್ಚು (2001ರಲ್ಲಿ ಊರಿನ ಹೆಸರನ್ನು ಕೋಲ್ಕತ್ತ ಎಂದು ತಿದ್ದಿದರು, ನನ್ನ ನಾಲಿಗೆ ಇನ್ನೂ ತಿದ್ದಿಕೊಂಡಿಲ್ಲ). ಅಂಥದೊಂದು ಮಧ್ಯಾಹ್ನ ನನ್ನ ಹದಿನಾರು ವರ್ಷದ ಮೊಮ್ಮಗನು, ಅಮೆರಿಕೆಯಲ್ಲಿರುವ ಅವನ ಸೋದರತ್ತೆ ಬಳಸಿ ಬಿಟ್ಟು ಕಳುಹಿಸಿದ ಕ್ವೆಸ್ಟ್ 2 ಎಂಬ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ಟನ್ನು ಮುಖಕ್ಕೆ ಬಿಗಿದುಕೊಂಡು, ಎರಡು ಕೈಗಳಲ್ಲೂ ಹಿಡಿಕೆಗಳನ್ನು ಹಿಡಿದು, ನಮ್ಮ ಕಣ್ಣಿಗೆ ಕಾಣದ ಯಾರನ್ನೋ ಇರಿಯುತ್ತ ನಡುಮನೆಯಲ್ಲಿ ಇಪ್ಪತ್ತು ನಿಮಿಷ ಕುಣಿದು, ಅನಂತರ ಅದನ್ನು ಕಿತ್ತು ಸೋಫಾದ ಮೇಲಿಟ್ಟು, ಮುಖವೆಲ್ಲ ಬಿಳಿಚಿಕೊಂಡು ತಾನೂ ಅಲ್ಲೇ ಮಲಗಿಬಿಟ್ಟನು. ಅಜ್ಜಿ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು. ಇದು ನಿತ್ಯವಿಧಿಯಾಗಿತ್ತು. ಆ ಹೊತ್ತು ಅವಳು ಆಡಿದ ಮಾತು ನನಗೆ ಈಗಲೂ ನೆನಪಿದೆ: “ಗಾಣದ ಎತ್ತಿಗೆ ಕಣ್ಣು ಕಟ್ಟೋದು ಅದಕ್ಕೆ ತಲೆ ತಿರುಗಬಾರದು ಅಂತ. ಇವನು ಕಣ್ಣು ಕಟ್ಟಿಕೊಂಡು ತಲೆ ತಿರುಗಿಸಿಕೊಳ್ತಾನಲ್ಲ, ಇದೆಂಥ ಆಟ ಮಾರಾಯ್ರೇ!”

ಹುಡುಗನು ಕಣ್ಣು ತೆರೆಯದೆಯೇ ಹೇಳಿದನು: “ಅಜ್ಜ, ಕಾರ್ಡು ಬದಲಾಯಿಸ್ಬೇಕು.”

ಪಡಿತರದ ಕಾರ್ಡೋ ಆಧಾರ್ ಕಾರ್ಡೋ ಎಂದು ನಾನು ಕೇಳಲಿಲ್ಲ; ಅಷ್ಟು ತಿಳಿವಳಿಕೆ ನನಗೂ ಇತ್ತು. ಅವನ ತಂದೆ 2017ರಲ್ಲಿ ಜೋಡಿಸಿಕೊಟ್ಟ, ಹೆಡ್‌ಸೆಟ್ಟಿಗೆ ಚಿತ್ರ ಒದಗಿಸುವ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಐ5-7500 ಪ್ರೊಸೆಸರೂ ಜಿಟಿಎಕ್ಸ್ 1060 ಎಂಬ, 6 ಜಿಬಿ ಸ್ಮೃತಿಯುಳ್ಳ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡೂ ಇವೆ. ಆ ಕಾರ್ಡು ಪೇಟೆಗೆ ಬಂದದ್ದು 2016ರಲ್ಲಿ. ಹುಡುಗನ ವಾದ ಸರಳವಾಗಿತ್ತು: ಕಾರ್ಡು ಹಳೆಯದು, ಚಿತ್ರ ತಡವರಿಸುತ್ತದೆ, ತಲೆ ಸುತ್ತುತ್ತದೆ, ಆದುದರಿಂದ ಹೊಸ ಕಾರ್ಡು. ತರ್ಕಶಾಸ್ತ್ರದಲ್ಲಿ ಇದಕ್ಕೆ ಏನೆನ್ನುವರೋ; ನಮ್ಮೂರಿನಲ್ಲಿ, ಕಾಗೆ ಕೂತಿತು ಕೊಂಬೆ ಮುರಿಯಿತು ಎನ್ನುತ್ತಾರೆ. ಆದರೂ ಕೊಂಬೆ ಮುರಿಯುವಷ್ಟು ಭಾರದ ಕಾಗೆಯೂ ಇದ್ದೀತು. ಪರೀಕ್ಷಿಸದೆ ಹೇಳುವಂತಿಲ್ಲ.

ಕೃತಕವಾದ ಲೋಕವೊಂದನ್ನು ಕಣ್ಣಿನ ಮುಂದೆ ಕಟ್ಟುವ ಹಂಬಲ ಹೊಸದಲ್ಲ. ನೆಲವೆಂದು ನೀರಿಗೆ ಬಿದ್ದು, ನೀರೆಂದು ನೆಲದ ಮೇಲೆ ಪಂಚೆ ಎತ್ತಿಕೊಂಡ ದುರ್ಯೋಧನನನ್ನು ನಗೆಗೀಡುಮಾಡಿದ ಮಯಸಭೆಯನ್ನು ಬಿಟ್ಟರೂ, ಎರಡು ಕಣ್ಣಿಗೆ ತುಸುವೇ ಭೇದವುಳ್ಳ ಎರಡು ಚಿತ್ರಗಳನ್ನು ತೋರಿಸಿದರೆ ಮನಸ್ಸು ಅವೆರಡನ್ನು ಬೆಸೆದು ಆಳವನ್ನು ಕಾಣುವುದೆಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ ಎಂಬ ಆಂಗ್ಲ ವಿಜ್ಞಾನಿ 1838ರಲ್ಲಿಯೇ ಪ್ರತಿಪಾದಿಸಿದ್ದನು. ತಲೆಗೆ ಧರಿಸುವ, ತಲೆ ತಿರುಗಿಸಿದರೆ ದೃಶ್ಯವೂ ಬದಲಾಗುವ ಉಪಕರಣವನ್ನು 1968ರಲ್ಲಿ ಅಮೆರಿಕೆಯ ಐವನ್ ಸದರ್‌ಲೆಂಡ್ ಪ್ರದರ್ಶಿಸಿದನು. ಅದರಲ್ಲಿ ಕಾಣುತ್ತಿದ್ದುದು ಬರಿಯ ಗೆರೆಗಳು, ಅದರ ಭಾರವನ್ನು ಹೊರುತ್ತಿದ್ದುದು ಕೊಠಡಿಯ ಚಾವಣಿ.

ಆದರೆ ಈ ವಿದ್ಯೆಯ ನಿಜವಾದ ಕಷ್ಟವೇನೆಂಬುದು ನನಗೆ ಹೊಳೆದದ್ದು ಇಂಥ ಚರಿತ್ರೆಯನ್ನು ಓದಿದಾಗ ಅಲ್ಲ. ಚೌರಂಗಿಯಲ್ಲಿ, ಸಾಂಚಿಯ ಸ್ತೂಪದ ಆಕಾರದಲ್ಲಿ ಕಟ್ಟಿರುವ ಬಿರ್ಲಾ ತಾರಾಲಯವನ್ನು ನೆನೆದಾಗ. 1963ರ ಜುಲೈ 2ರಂದು ನೆಹರೂ ಅವರು ಉದ್ಘಾಟಿಸಿದ ಆ ಗುಮ್ಮಟದ ಕೆಳಗೆ ಒರಗಿ ಕುಳಿತು ಕೃತಕ ನಕ್ಷತ್ರಗಳನ್ನು ನೋಡುತ್ತ ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ಒಮ್ಮೆಯೂ ತಲೆ ಸುತ್ತಿಲ್ಲ. ಏಕೆಂದರೆ ಅಲ್ಲಿ ಆಕಾಶ ಪೂರ್ತಿಯಾಗಿ ಮೊದಲೇ ಹರಡಿರುತ್ತದೆ. ನಾನು ಕತ್ತನ್ನು ಪೂರ್ವಕ್ಕೆ ಹೊರಳಿಸಿದರೆ ಪೂರ್ವದ ನಕ್ಷತ್ರಗಳು ಅಲ್ಲಿ ಇದ್ದೇ ಇರುತ್ತವೆ. ನನ್ನ ಕತ್ತಿಗಾಗಿ ಯಾರೂ ಹೊಸದಾಗಿ ಅವನ್ನು ಬರೆಯಬೇಕಾಗಿಲ್ಲ. ಸಿನಿಮಾದ ಮಾತೂ ಅಷ್ಟೆ. 1955ರಲ್ಲಿ ಇದೇ ಊರಿನಲ್ಲಿ ತೆರೆಕಂಡ ‘ಪಥೇರ್ ಪಾಂಚಾಲಿ’ಯ ರೈಲು ಕಾಶದ ಹೂವಿನ ಬಯಲಿನಾಚೆ ಓಡುವುದಕ್ಕೆ ಸೆಕೆಂಡಿಗೆ 24 ಚಿತ್ರಗಳು ಸಾಕಾದವು, ಪ್ರೇಕ್ಷಕನು ಕತ್ತನ್ನು ಎತ್ತ ಹೊರಳಿಸಿದರೂ ರೈಲಿಗೆ ಅದರ ಗೊಡವೆಯಿಲ್ಲ. ಹೆಡ್‌ಸೆಟ್ಟಿನ ಪ್ರಪಂಚವಾದರೋ ನೋಡುವವನ ಕತ್ತಿಗೆ ಕಟ್ಟಿದ ಪ್ರಪಂಚ. ಕತ್ತು ಕೂದಲೆಳೆಯಷ್ಟು ಸರಿದರೂ ಎರಡು ಕಣ್ಣಿಗೂ ಎರಡು ಹೊಸ ಚಿತ್ರಗಳನ್ನು ಮೊದಲಿನಿಂದ ಬರೆದು ಒಪ್ಪಿಸಬೇಕು, ಒಪ್ಪಿಸುವುದಕ್ಕೆ ಗಡುವುಂಟು. ಸೆಕೆಂಡಿಗೆ 90 ಚಿತ್ರಗಳ ವೇಗದಲ್ಲಿ ಆ ಗಡುವು 11.1 ಮಿಲಿಸೆಕೆಂಡು, 72 ಚಿತ್ರಗಳಾದರೆ 13.9.

ಗಡುವು ಮೀರಿದರೆ? ಕಿವಿಯೊಳಗೆ, ಶಂಖದಂತಹ ಅಂಗದ ಪಕ್ಕದಲ್ಲಿ, ದ್ರವ ತುಂಬಿದ ಅರ್ಧವರ್ತುಲ ನಾಳಗಳಿವೆ. ತಲೆ ಚಲಿಸಿತೆಂದು ಅವು ತತ್‌ಕ್ಷಣ ಸಾಕ್ಷಿ ನುಡಿಯುತ್ತವೆ. ಕಣ್ಣು ಮಾತ್ರ, ಚಿತ್ರವಿನ್ನೂ ಬಾರದ ಕಾರಣ, ತಲೆ ಚಲಿಸಲಿಲ್ಲವೆನ್ನುತ್ತದೆ. ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳು ಎರಡು ಬಗೆಯಾಗಿ ನುಡಿದರೆ ನ್ಯಾಯಾಧೀಶನು ವಾಯಿದೆ ಹಾಕಬಹುದು. ಹೊಟ್ಟೆ ಹಾಕಲಾರದು, ತೊಳಸುತ್ತದೆ. ಘಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಗುಂಬೆಯಲ್ಲಿ ಕಿವಿ ಹೇಳುವುದು ನಿಜ, ಕಣ್ಣು ನೆಟ್ಟಿರುವುದು ಪುಟದಲ್ಲಿ.

ಇನ್ನು ಲೆಕ್ಕ. ಲೆಕ್ಕವಿಲ್ಲದೆ ನನಗೆ ನಂಬಿಕೆ ಹುಟ್ಟುವುದಿಲ್ಲ, ಇದು ವೃತ್ತಿದೋಷ. ಸಾಮಾನ್ಯ ಪರದೆಯೊಂದು 1920 ಅಡ್ಡ, 1080 ಉದ್ದದ ಚುಕ್ಕೆಗಳದು. ಸೆಕೆಂಡಿಗೆ 60 ಸಲ ಅದನ್ನು ತುಂಬಿದರೆ ಕಾರ್ಡು ಬರೆಯಬೇಕಾದ ಚುಕ್ಕೆಗಳು ಸುಮಾರು 12 ಕೋಟಿ 44 ಲಕ್ಷ. ಕ್ವೆಸ್ಟ್ 2ರಲ್ಲಿ ಒಂದೊಂದು ಕಣ್ಣಿಗೆ 1832ಕ್ಕೆ 1920. ಎರಡು ಕಣ್ಣು, ಸೆಕೆಂಡಿಗೆ 90 ಸಲವೆಂದರೆ 63 ಕೋಟಿ 31 ಲಕ್ಷ. ಐದು ಪಟ್ಟು! ಅದೂ ಸಾಲದು. ಕಣ್ಣಿನ ಮುಂದಿನ ಮಸೂರವು ಚಿತ್ರದ ಅಂಚುಗಳನ್ನು ಎಳೆದು ಡೊಂಕುಮಾಡುವುದರಿಂದ, ಅದಕ್ಕೆ ವಿರುದ್ಧವಾದ ಡೊಂಕನ್ನು ಮೊದಲೇ ಚಿತ್ರಕ್ಕೆ ಕೊಡಬೇಕು. ಹಾಗೆ ಕೊಡುವಾಗ ನಡುಭಾಗ ಮಸುಕಾಗದಿರಲೆಂದು ಪರದೆಯ ಅಳತೆಗಿಂತ ದೊಡ್ಡ ಚಿತ್ರವನ್ನೇ ಬರೆಯಬೇಕು. ಪರದೆಯ ಮೇಲಿನ ಆಟವನ್ನು ನಿರಾಯಾಸವಾಗಿ ಆಡಿಸುವ ಕಾರ್ಡು ಹೆಡ್‌ಸೆಟ್ಟಿಗೆ ಕಟ್ಟಿದೊಡನೆ ಏದುಸಿರು ಬಿಡುವುದರ ಗುಟ್ಟು ಇದು. ಇದರೊಡನೆ ಹಳೆಯದೊಂದನ್ನು ಹೋಲಿಸಿ ನೋಡಿ: 1955ರಲ್ಲಿಯೇ, ‘ಪಥೇರ್ ಪಾಂಚಾಲಿ’ಯ ರೈಲು ಓಡಿದ ವರ್ಷ, ಈ ಊರಿನ ಉತ್ತರದ ಬರಾನಗರದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಎಚ್‌ಇಸಿ-2ಎಂ ಎಂಬ, ದೇಶದ ಮೊತ್ತಮೊದಲ ಡಿಜಿಟಲ್ ಕಂಪ್ಯೂಟರ್ ಇಂಗ್ಲೆಂಡಿನಿಂದ ಬಂದಿಳಿಯಿತು. ಅದರ ಸ್ಮೃತಿ 1024 ಪದಗಳದು. ಅದನ್ನು ಕಂಡಿದ್ದ ಹಿರಿಯರು ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಇದ್ದರು, ಅದರ ಮಾತೆತ್ತಿದರೆ ಕೈ ಮುಗಿಯುವಂತೆ ಧ್ವನಿ ತಗ್ಗಿಸುತ್ತಿದ್ದರು. ನನ್ನ ಮೊಮ್ಮಗನು 6 ಜಿಬಿ ಸಾಲದೆಂದು ಗೊಣಗುವಾಗ ನನಗೆ ಕೋಪ ಬರುವುದಿಲ್ಲ, ಆ ತಗ್ಗಿದ ಧ್ವನಿ ನೆನಪಾಗುತ್ತದೆ, ಅಷ್ಟೆ.

ಒಂದು ಶನಿವಾರ ಅಜ್ಜ ಮೊಮ್ಮಗ ಇಬ್ಬರೂ ಕಾಳಿಘಾಟಿನಲ್ಲಿ ಮೆಟ್ರೊ ಹತ್ತಿ ಚಾಂದನಿ ಚೌಕಕ್ಕೆ ಹೋದೆವು. (1984ರ ಅಕ್ಟೋಬರ್ 24ರಂದು ಈ ದೇಶದ ಮೊದಲ ಮೆಟ್ರೊ ಇಲ್ಲಿ ಓಡಿದಾಗ ಬರಿಯ ಎಸ್‌ಪ್ಲನೇಡಿನಿಂದ ಭವಾನಿಪುರದವರೆಗೆ ಹೋಗಿ ಬರುವುದಕ್ಕೆಂದೇ ಜನ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು.) ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಹೇಗೋ ಕಲಕತ್ತೆಯವರಿಗೆ ಚಾಂದನಿ ಹಾಗೆ. ಚಿತ್ತರಂಜನ್ ಅವೆನ್ಯೂವಿನ ಮೇಲೆ ಇ-ಮಾಲ್ ಎಂಬ ಹವಾನಿಯಂತ್ರಿತ ಮಳಿಗೆಯಿದೆ. ಅಲ್ಲಿ ಪೆಟ್ಟಿಗೆಗಳು ಗಾಜಿನ ಹಿಂದೆ ಮೆರೆಯುತ್ತವೆ. ನಿಜವಾದ ವ್ಯಾಪಾರ ನಡೆಯುವುದು ಹಿಂದಿನ ಗಲ್ಲಿಗಳಲ್ಲಿ. ರಿಮೋಟುಗಳ ರಾಶಿ, ತಂತಿಯ ಸುರುಳಿ, ಕಳಚಿದ ಲ್ಯಾಪ್‌ಟಾಪುಗಳು, ಬೆಸುಗೆಯ ಹೊಗೆಯ ಕಟುವಾಸನೆ, ನಡುನಡುವೆ ಮಣ್ಣಿನ ಭಾಂಡದಲ್ಲಿ ಚಹ ಹೊತ್ತು ನುಸುಳುವ ಹುಡುಗರು.

ಮೊದಲನೆಯ ಅಂಗಡಿಯಲ್ಲಿ ಬೆಲೆ ಕೇಳಿದೆವು. ಆರ್‌ಟಿಎಕ್ಸ್ 3060, 12 ಜಿಬಿಯದು, ಇಪ್ಪತ್ತೈದೂವರೆ ಸಾವಿರ; 4060, 8 ಜಿಬಿಯದು, ಇಪ್ಪತ್ತೊಂಬತ್ತು ಸಾವಿರ; ಆ ಮೇ ತಿಂಗಳಲ್ಲಷ್ಟೆ ಬಂದಿದ್ದ 5060 ಅದಕ್ಕೂ ಮೇಲೆ. ಎರಡನೆಯ ಅಂಗಡಿಯವನು ಹೊಸದನ್ನು ತೋರಿಸಲೇ ಇಲ್ಲ. ಹಲಗೆಯ ಕೆಳಗಿನಿಂದ ಕಾಗದದಲ್ಲಿ ಸುತ್ತಿದ್ದ ಒಂದು 3060ನ್ನು ತೆಗೆದು, “ದಾದಾ, ಏಕ್‌ದಮ್ ನತುನೇರ್ ಮತೋ,” ಹೊಸದರಂತೆಯೇ ಇದೆ, ಹದಿನೇಳು ಸಾವಿರ, ಏಳು ದಿನದ ಟೆಸ್ಟಿಂಗ್ ವಾರಂಟಿ ಎಂದನು. ಹೊಸದರಂತೆಯೇ ಇತ್ತು, ನಿಜ, ಅತಿಯಾಗಿ ಹೊಸದರಂತಿತ್ತು. ಎಂಟು ವರ್ಷದ ನಮ್ಮ ಕಾರ್ಡಿನ ರೆಕ್ಕೆಗಳ ಸಂದಿಯಲ್ಲಿರುವ ಧೂಳಿನ ಕಣವೊಂದೂ ಅದರಲ್ಲಿಲ್ಲ. ಆದರೆ ನಾಲ್ಕು ಸ್ಕ್ರೂಗಳ ತಲೆಯಲ್ಲಿ ಎರಡರ ಗೀರು ಸವೆದು ಹೊಳೆಯುತ್ತಿತ್ತು, ಒಂದರ ಮೇಲಿರಬೇಕಾದ ವಾರಂಟಿಯ ಚೀಟಿ ಕಿತ್ತುಹೋಗಿತ್ತು. ಬೋರ್ಡಿನ ಅಂಚಿನಲ್ಲಿ, ಸ್ಮೃತಿಯ ಬಿಲ್ಲೆಗಳ ಪಕ್ಕ, ಎಣ್ಣೆಯ ಜಿಡ್ಡಿನಂಥ ತೆಳುವಾದ ಕಲೆಯಿತ್ತು. ಬೆರಳಿಗೆ ತಗುಲಿಸಿ ನೋಡಿದೆ: ಹಪ್ಪಳ ಕರಿದ ಬಾಣಲೆಯ ಅಂಚಿನ ಹಾಗೆ ಅಂಟು.

ಆ ಜಿಡ್ಡಿನ ಕಥೆಯನ್ನು ತಿಳಿದದ್ದು ಅಂಗಡಿಯವನಿಂದಲ್ಲ, ಗಲ್ಲಿಯ ತುದಿಯಲ್ಲಿ ಮೇಜೊಂದನ್ನೇ ಅಂಗಡಿಯಾಗಿ ಮಾಡಿಕೊಂಡು, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಮದರ್‌ಬೋರ್ಡುಗಳನ್ನು ರಿಪೇರಿ ಮಾಡುತ್ತಿದ್ದ ನನ್ನ ವಯಸ್ಸಿನವನೇ ಆದ ಬಂಗಾಳಿ ಮೆಕ್ಯಾನಿಕ್ಕನಿಂದ. ಗ್ರಾಫಿಕ್ಸ್ ಕಾರ್ಡುಗಳ ಬಲದಿಂದ ಈಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ‘ಅಗೆಯುವ’ ವ್ಯವಹಾರವು 2021ರಲ್ಲಿ ಉಚ್ಛ್ರಾಯಕ್ಕೇರಿದಾಗ ಕಾರ್ಡುಗಳು ಮುದ್ರಿತ ಬೆಲೆಯ ಇಮ್ಮಡಿಗೂ ಸಿಕ್ಕುತ್ತಿರಲಿಲ್ಲವಷ್ಟೆ. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯವು ತನ್ನ ವಿಧಾನವನ್ನೇ ಬದಲಿಸಿ ಕಾರ್ಡುಗಳ ದುಡಿಮೆಯನ್ನು ಬಿಟ್ಟುಕೊಟ್ಟಿತು. ಅಲ್ಲಿಯವರೆಗೆ ಹಗಲಿರುಳೂ ಉರಿದ ಸಾವಿರಾರು ಕಾರ್ಡುಗಳು ಒಮ್ಮೆಲೇ ಹಳೆಯ ಪೇಟೆಗಿಳಿದವು. ಬಿಸಿಗೆ ಅವುಗಳ ಥರ್ಮಲ್ ಪ್ಯಾಡು ಒಸರುವ ಎಣ್ಣೆಯೇ ಆ ಜಿಡ್ಡು. “ಎಲ್ಲವೂ ಕೆಟ್ಟವೆಂದಲ್ಲ, ದಾದಾ,” ಎಂದನು ಮೆಕ್ಯಾನಿಕ್. “ಕೆಲವು ಇನ್ನೂ ಐದು ವರ್ಷ ಓಡುತ್ತವೆ. ಯಾವುದು ಓಡುತ್ತದೆಂದು ನಾನೂ ಹೇಳಲಾರೆ, ಅವನೂ ಹೇಳಲಾರ. ಅವನು ಹೇಳುತ್ತಾನೆ, ನಾನು ಹೇಳುವುದಿಲ್ಲ.”

ಹುಡುಗನು ತನ್ನ ಕಾರ್ಡಿನ ಕಷ್ಟಗಳನ್ನೆಲ್ಲ ನಿವೇದಿಸಿಕೊಂಡನು. ಮೆಕ್ಯಾನಿಕ್ ಭೂತಗನ್ನಡಿಯನ್ನು ಹಣೆಗೇರಿಸಿ ಕೇಳಿಸಿಕೊಂಡು ಹೇಳಿದ ಮಾತನ್ನು ಅವನ ಭಾಷೆಯಲ್ಲಿಯೇ ಹೇಳುತ್ತೇನೆ: “ಆಗೇ ದೇಖುನ್, ಕೇ ದೇರಿ ಕರ್ಛೆ.” ಮೊದಲು ನೋಡಿ, ತಡಮಾಡುತ್ತಿರುವವರು ಯಾರು.

ನಲವತ್ತು ವರ್ಷ ಕಚೇರಿಯಲ್ಲಿ ಕಡತಗಳನ್ನು ಕಂಡ ನನಗೆ ಈ ಮಾತು ಎದೆಗೆ ನಾಟಿತು. ಕಡತವೊಂದು ತಡವಾದರೆ ಮೇಲಧಿಕಾರಿ ಬೈಯುವುದು ಕೊನೆಯ ಮೇಜಿನವನನ್ನು. ಅದು ಮಲಗಿದ್ದುದು ಮೂರನೆಯ ಮೇಜಿನಲ್ಲಿ. ವಿಆರ್ ಚಿತ್ರದ ಕಡತವೂ ಹಲವು ಮೇಜುಗಳನ್ನು ದಾಟುತ್ತದೆ. ಆಟದಲ್ಲಿ ಯಾರು ಎಲ್ಲಿದ್ದಾರೆಂದು ಪ್ರೊಸೆಸರು ಲೆಕ್ಕಹಾಕಬೇಕು. ಆ ಲೆಕ್ಕದಂತೆ ಕಾರ್ಡು ಚಿತ್ರ ಬರೆಯಬೇಕು. ಕ್ವೆಸ್ಟಿನಂಥ ಹೆಡ್‌ಸೆಟ್ಟಿಗಾದರೆ ಬರೆದ ಚಿತ್ರವನ್ನು ಕಾರ್ಡೇ ವೀಡಿಯೊ ಆಗಿ ಅಡಕಮಾಡಬೇಕು. ಕೇಬಲ್ಲಿನಲ್ಲೋ ವೈ-ಫೈಯಲ್ಲೋ ಅದು ಸಾಗಬೇಕು. ಹೆಡ್‌ಸೆಟ್ಟು ಅದನ್ನು ಬಿಚ್ಚಿ ತೋರಿಸಬೇಕು. ಯಾವ ಮೇಜಿನಲ್ಲಿ ತಡವಾದರೂ ನೋಡುವವನ ತಲೆ ಸುತ್ತುವುದು ಒಂದೇ ರೀತಿ. ಬೈಗುಳ ಮಾತ್ರ ಕಾರ್ಡಿಗೆ.

ಮನೆಗೆ ಬಂದು ಅಳೆದೆವು. ಸ್ಟೀಮ್‌ವಿಆರ್ ಎಂಬ ತಂತ್ರಾಂಶದಲ್ಲಿಯೇ ಪ್ರತಿಯೊಂದು ಚಿತ್ರಕ್ಕೂ ಪ್ರೊಸೆಸರು ಎಷ್ಟು, ಕಾರ್ಡು ಎಷ್ಟು ಮಿಲಿಸೆಕೆಂಡು ತೆಗೆದುಕೊಂಡವೆಂದು ಬೇರೆ ಬೇರೆಯಾಗಿ ತೋರಿಸುವ ಗೆರೆಚಿತ್ರವಿದೆ. ಹುಡುಗನಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ನೋಡಿರಲಿಲ್ಲ. ಅವನು ಆಡುವುದು, ನಾನು ಬರೆದುಕೊಳ್ಳುವುದು. ಬರೆಯಲು ಕೈಗೆ ಸಿಕ್ಕಿದ್ದು ಅಜ್ಜಿಯ ಹಾಲಿನ ಲೆಕ್ಕದ ಪುಸ್ತಕ; ಅದರ ಕೊನೆಯ ಪುಟಗಳಿಂದ ಹಿಂದುಮುಂದಾಗಿ ಆರಂಭಿಸಿದೆ.

ಬೀಟ್ ಸೇಬರ್ ಎಂಬ, ತಾಳಕ್ಕೆ ಸರಿಯಾಗಿ ಬಣ್ಣದ ಪೆಟ್ಟಿಗೆಗಳನ್ನು ಕತ್ತಿಯಿಂದ ಸೀಳುವ ಆಟದಲ್ಲಿ ಕಾರ್ಡಿಗೆ ಹಿಡಿದದ್ದು 6 ಮಿಲಿಸೆಕೆಂಡು, ಪ್ರೊಸೆಸರಿಗೆ 5. ಗಡುವು 11.1. ಇಬ್ಬರೂ ಹೊತ್ತಿಗೆ ಮೊದಲೇ ಕೆಲಸ ಮುಗಿಸಿ ಕೈಕಟ್ಟಿ ಕುಳಿತಿದ್ದಾರೆ. ಆದರೂ ಚಿತ್ರ ತಡವರಿಸುತ್ತಿತ್ತು! ಎಂದಮೇಲೆ ತಡಮಾಡುತ್ತಿದ್ದುದು ಹಾದಿ. ನಮ್ಮದು ಹಳೆಯ ಕಾಲದ ಮನೆ. ಗೋಡೆಗಳು ಹದಿನೈದು ಅಂಗುಲ ದಪ್ಪ. ವೈ-ಫೈ ರೂಟರು ಹೊರಕೋಣೆಯ ಗೋದ್ರೇಜ್ ಬೀರುವಿನ ಮೇಲೆ, ದೇವರ ಪಟಗಳ ಹಿಂದೆ. ಕಂಪ್ಯೂಟರಿಗೂ ಅದಕ್ಕೂ ತಂತಿಯಿಲ್ಲ. ಆದುದರಿಂದ ಒಂದೊಂದು ಚಿತ್ರವೂ ನಡುಮನೆಯಿಂದ ಗೋಡೆ ದಾಟಿ ಬೀರುವಿನ ಬಳಿಗೆ ಹೋಗಿ, ಲಕ್ಷ್ಮೀದೇವಿಯ ದರ್ಶನ ಪಡೆದು, ಮತ್ತೆ ಅದೇ ಗೋಡೆ ದಾಟಿ, ಹೊರಟ ಜಾಗದಿಂದ ಮೂರಡಿ ಆಚೆಗಿರುವ ಹುಡುಗನ ಮುಖಕ್ಕೆ ಬರಬೇಕಾಗಿತ್ತು. ಚಾಂದನಿಗೆ ಇನ್ನೊಮ್ಮೆ ಹೋಗಿ ಹನ್ನೆರಡು ನೂರು ರೂಪಾಯಿಗೆ ಐದು ಮೀಟರಿನ ಯುಎಸ್‌ಬಿ ಕೇಬಲ್ ತಂದೆವು. ಆ ಆಟದ ಮಟ್ಟಿಗೆ ರೋಗ ವಾಸಿಯಾಯಿತು.

ಎರಡನೆಯದೊಂದು ತಪ್ಪು ಇನ್ನೂ ಹಾಸ್ಯಾಸ್ಪದವಾದುದು. ಕ್ವೆಸ್ಟ್ 2ರ ಮಸೂರಗಳನ್ನು ಕಣ್ಣುಗಳ ನಡುವಣ ಅಂತರಕ್ಕೆ ಹೊಂದಿಸಲು 58, 63, 68 ಮಿಲಿಮೀಟರಿನ ಮೂರು ನಿಲುಗಡೆಗಳಿವೆ. ಹುಡುಗನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕಂಪಾಸು ಪೆಟ್ಟಿಗೆಯ ಸ್ಕೇಲನ್ನು ಅವನ ಹುಬ್ಬಿನ ಕೆಳಗೆ ಹಿಡಿದು, ಒಂದು ಕಣ್ಣಿನ ಪಾಪೆಯ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದೆ. ಅವನಿಗೆ ನಗು ತಡೆಯಲಾಗದೆ ಮೂರು ಸಲ ಅಳೆಯಬೇಕಾಯಿತು: 62. ಮಸೂರಗಳು ನಿಂತಿದ್ದುದು 68ರಲ್ಲಿ, ಅಮೆರಿಕೆಯ ಆ ಸೋದರತ್ತೆಯ ಗಂಡನಾದ, ಅಗಲ ಮುಖದ ನಮ್ಮ ಅಳಿಯನ ಕಣ್ಣಿಗೆ. ಇಷ್ಟು ದಿನವೂ ಈ ಹುಡುಗನು ತನ್ನ ಮಾವನ ಕಣ್ಣಿನಿಂದ ಲೋಕವನ್ನು ನೋಡುತ್ತಿದ್ದನು.

ಇಷ್ಟಾದ ಮೇಲೆ ಕಾರ್ಡು ನಿರಪರಾಧಿಯೆಂದು ತೀರ್ಪು ಕೊಡಬಹುದಾಗಿತ್ತು. ಕೊಡಲಿಲ್ಲ, ಏಕೆಂದರೆ ‘ಹಾಫ್-ಲೈಫ್: ಅಲಿಕ್ಸ್’ ಇತ್ತು. 2020ರ ಮಾರ್ಚಿನಲ್ಲಿ ಬಂದ ಈ ಆಟವನ್ನು ತಯಾರಕರು ವಿಆರ್‌ಗಾಗಿಯೇ ಕಟ್ಟಿದರು. ಅದನ್ನಾಡಲು ಬೇಕಾದ ಕನಿಷ್ಠ ಸಾಮಗ್ರಿಯೆಂದು ಅವರು ಮುದ್ರಿಸಿರುವುದು ಐ5-7500 ಪ್ರೊಸೆಸರು, ಜಿಟಿಎಕ್ಸ್ 1060 ಕಾರ್ಡು. ಅಂದರೆ ನಮ್ಮ ಪೆಟ್ಟಿಗೆಯೇ. ಮೂವತ್ತೈದು ಅಂಕ ಪಡೆದು ಉತ್ತೀರ್ಣನಾದ ವಿದ್ಯಾರ್ಥಿಯಂತೆ. ಅಲ್ಲಿ ಪ್ರೊಸೆಸರು 9 ಮಿಲಿಸೆಕೆಂಡಿನಲ್ಲಿ ಮುಗಿಸಿದರೆ ಕಾರ್ಡಿಗೆ 15.8 ಹಿಡಿಯುತ್ತಿತ್ತು. ಗಡುವು ತಪ್ಪಿದಾಗ ತಂತ್ರಾಂಶವು ಒಂದು ಉಪಾಯ ಮಾಡುತ್ತದೆ: ಆಟವನ್ನು ಅರ್ಧ ವೇಗಕ್ಕಿಳಿಸಿ, 90ರಲ್ಲಿ 45 ಚಿತ್ರಗಳನ್ನು ನಿಜವಾಗಿ ಬರೆಯಿಸಿ, ಉಳಿದ 45ನ್ನು ಹಿಂದಿನವುಗಳಿಂದ ಊಹಿಸಿ ತುಂಬುತ್ತದೆ. ಊಹೆ ಬಹುಮಟ್ಟಿಗೆ ಸರಿಯಿರುತ್ತದೆ. ಬೀಸಿದ ಕೈಯ ಅಂಚಿನಲ್ಲಿ ಮಾತ್ರ ಗಾಳಿಯೇ ನೀರಾದಂತೆ ಅಲೆಯೇಳುತ್ತದೆ. ಹುಡುಗನು ‘ತಡವರಿಕೆ’ ಎನ್ನುತ್ತಿದ್ದುದರ ಅರ್ಧ ಪಾಲು ಇದೇ.

ಕಾರ್ಡಿನ ಮೇಲೆ ಇನ್ನೂ ಒಂದು ಉಪಚಾರ ಬಾಕಿಯಿತ್ತು. ಆಟದ ಹತ್ತನೆಯ ನಿಮಿಷಕ್ಕೆ ಅದರ ತಾಪ 83 ಡಿಗ್ರಿ ಮುಟ್ಟಿ, ಅಲ್ಲಿಂದಾಚೆಗೆ ಅದು ತನ್ನ ಓಟವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. 120 ವಾಟಿನ ಯಂತ್ರವದು. ಈ ಭಾಷಣವನ್ನು ಹೊತ್ತು ತರುವ ಸಂಸ್ಥೆಗೆ ತನ್ನ ಹೆಸರನ್ನು ದಾನಮಾಡಿದ ‘ಆಕಾಶವಾಣಿ’ಯನ್ನು, ಅಂದರೆ 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಸ್ಥಾಪಿಸಿದ ನಿಲಯವನ್ನು, ಮೊದಮೊದಲು ನಡೆಸಿದ್ದು 30 ವಾಟಿನ ಪ್ರೇಷಕದಿಂದ. ಅಂಥ ನಾಲ್ಕು ನಿಲಯಗಳ ಶಕ್ತಿಯನ್ನು ನನ್ನ ಮೊಮ್ಮಗನು ಅದೃಶ್ಯ ಶತ್ರುಗಳನ್ನು ಕೊಲ್ಲಲು ವ್ಯಯಿಸುತ್ತಾನೆ. ಇರಲಿ. ಮೆಕ್ಯಾನಿಕ್ಕನ ಬಳಿಗೆ ಕಾರ್ಡನ್ನು ಒಯ್ದೆವು. ಅವನು ಅದನ್ನು ಬಿಚ್ಚಿ, ಹಳೆಯ ಥರ್ಮಲ್ ಪೇಸ್ಟನ್ನು ತೋರಿಸಿದನು: ಗೋಡೆಯಿಂದ ಉದುರಿದ ಸುಣ್ಣದಂತೆ ಒಣಗಿ ಬಿರುಕುಬಿಟ್ಟಿತ್ತು. ರೆಕ್ಕೆಗಳ ನಡುವಿನಿಂದ ಬ್ರಷ್ಷಿನಲ್ಲಿ ತೆಗೆದ ಧೂಳು, ಕಲಕತ್ತೆಯ ತೇವಕ್ಕೆ ಹೆಣೆದುಕೊಂಡು, ಕಂಬಳಿಯ ತುಂಡಿನಂತೆ ಒಂದೇ ಹಾಳೆಯಾಗಿ ಹೊರಬಂತು. ಹೊಸ ಪೇಸ್ಟ್ ಹಚ್ಚಿ ಮುಚ್ಚಿದ ಮೇಲೆ ತಾಪ 74ಕ್ಕೆ ಇಳಿಯಿತು. ಹೆಡ್‌ಸೆಟ್ಟನ್ನು 90ರಿಂದ 72ಕ್ಕೆ ತಗ್ಗಿಸಿ, ಚಿತ್ರದ ಸೂಕ್ಷ್ಮತೆಯನ್ನೂ ತುಸು ಕಡಮೆಮಾಡಿದಾಗ ಅಲಿಕ್ಸ್ 12.8 ಮಿಲಿಸೆಕೆಂಡಿನಲ್ಲಿ ನಡೆಯಿತು. ಗಡುವು 13.9. ಹೊಗೆ, ನೆರಳುಗಳು ದಟ್ಟವಾದ ಕಡೆ ಮಾತ್ರ ಈಗಲೂ ಒಮ್ಮೊಮ್ಮೆ 15 ದಾಟುತ್ತದೆ.

ಹಾಗಾದರೆ ಕೊಳ್ಳಬೇಕೇ? ಇಲ್ಲಿ ನಾನು ಮೆಕ್ಯಾನಿಕ್ಕನೊಡನೆ ಎರಡು ಭಾಂಡ ಚಹದಷ್ಟು ಹೊತ್ತು ವಾದಿಸಿದೆ. 4060, 5060 ಎರಡೂ ಮದರ್‌ಬೋರ್ಡಿನೊಡನೆ ಎಂಟೇ ಲೇನುಗಳಲ್ಲಿ, ಅಂದರೆ ಹಾದಿಗಳಲ್ಲಿ, ಮಾತನಾಡುವ ಕಾರ್ಡುಗಳು. ಹೊಸ ಬೋರ್ಡಿನಲ್ಲಿ ಲೇನೊಂದರ ವೇಗ ಹೆಚ್ಚಾದುದರಿಂದ ಎಂಟು ಸಾಲುತ್ತದೆ, ನಮ್ಮ 2017ರ ಬೋರ್ಡಿನಲ್ಲಿ ಆ ವೇಗವಿಲ್ಲ. 3060ಕ್ಕೆ ಹದಿನಾರು ಲೇನುಗಳಿವೆ, 12 ಜಿಬಿ ಸ್ಮೃತಿಯೂ ಇದೆ. ಹಳೆಯ ಬೋರ್ಡಿಗೆ ಅದೇ ಹೊಂದಿಕೆ. ಆದರೆ ಅದು 170 ವಾಟಿನದು. ಪೆಟ್ಟಿಗೆಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ 550 ವಾಟಿನದು ಬೇಕು, ನಮ್ಮದು 450. ಇಪ್ಪತ್ತೈದೂವರೆಯು ಮೂವತ್ತಾಯಿತು. ಮೂವತ್ತು ಸಾವಿರ ಕೊಟ್ಟು ಪಡೆಯುವುದು ಒಂದೇ ಆಟದ ಹೊಗೆಯಲ್ಲಿ ಕಳೆದುಹೋಗುವ ಎರಡು ಮಿಲಿಸೆಕೆಂಡು. “ಬೇಡ,” ಎಂದೆ. ಹುಡುಗನು, ಆಶ್ಚರ್ಯವೆಂದರೆ, ಒಪ್ಪಿದನು. ಅಂಕಿಗಳನ್ನು ಬರೆದವನು ನಾನಾದರೂ ಓದಿ ಹೇಳಿದವನು ಅವನಲ್ಲವೆ.

ಪ್ರಕರಣ ಮುಗಿಯಿತೆಂದುಕೊಂಡಿದ್ದೆ. ಜುಲೈ ತಿಂಗಳ ಕೊನೆಯಲ್ಲಿ ಅವನೇ ಒಂದು ಸುದ್ದಿ ತಂದನು: 1060 ಸೇರಿರುವ ಪ್ಯಾಸ್ಕಲ್ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳಿಗೆಂದು ಹೊರಡಿಸುವ ಡ್ರೈವರ್ ತಂತ್ರಾಂಶಗಳು 2025ರ ಅಕ್ಟೋಬರಿನಲ್ಲಿ ಕೊನೆಗೊಳ್ಳುವುವೆಂದು ಎನ್‌ವಿಡಿಯಾ ಪ್ರಕಟಿಸಿತ್ತು, ಆಮೇಲೆ ಮೂರು ವರ್ಷ ಭದ್ರತೆಯ ತಿದ್ದುಪಡಿಗಳು ಮಾತ್ರ. ಅದೇ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಲಿತ್ತು, ವಿಂಡೋಸ್ 11 ನಮ್ಮ ಏಳನೆಯ ಪೀಳಿಗೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಈಗಿರುವ ಆಟಗಳು ಮರುದಿನವೇ ನಿಲ್ಲುವುದಿಲ್ಲವೆಂಬುದು ನಿಜ. ಆದರೂ ಪ್ರಶ್ನೆಯ ಮುಖ ಬದಲಾಯಿತು. ಹಳೆಯ ಗಾಡಿಗೆ ಒಪ್ಪುವ ಎತ್ತನ್ನು ಹುಡುಕಿ 3060 ತಂದರೆ, ನಾಳೆ ಗಾಡಿಯನ್ನೇ ಬದಲಿಸುವಾಗ ಆ ಹೊಂದಿಕೆಗೆ ಅರ್ಥವಿರುವುದಿಲ್ಲ. ಹೊಸ ಬೋರ್ಡಿನಲ್ಲಿ ಎಂಟು ಲೇನುಗಳ ಆಕ್ಷೇಪಣೆಯೇ ಇಲ್ಲ. ಇಂದು ಸರಿಯಾದ ಕಾರ್ಡು ನಾಳೆಗೆ ತಪ್ಪು, ನಾಳೆಗೆ ಸರಿಯಾದುದು ಇಂದಿಗೆ ತಪ್ಪು. ನನ್ನ ಅಭಿಪ್ರಾಯದಲ್ಲಿ ಪೂರ್ತಿ ಪೆಟ್ಟಿಗೆಗೆ ಹಣ ಕೂಡುವವರೆಗೆ ಕಾರ್ಡಿಗೆ ಕೈಹಾಕಬಾರದು. ಹುಡುಗನ ಅಭಿಪ್ರಾಯದಲ್ಲಿ ಹಣ ಬೇಗ ಕೂಡಬೇಕು.

ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ, ಮಿಲಿಸೆಕೆಂಡುಗಳ ಪಟ್ಟಿಯ ಕೆಳಗೆ, ‘ದುರ್ಗಾಪೂಜೆ ಮುಗಿದ ಮೇಲೆ ನೋಡುವುದು’ ಎಂದು ಬರೆದು ಗೆರೆ ಎಳೆದಿದ್ದೇವೆ. ಮುಂಬದಿಯಿಂದ ಬರುತ್ತಿರುವ ಅಜ್ಜಿಯ ಲೆಕ್ಕ ಈಗ ನಮ್ಮ ಪುಟಗಳ ಸಮೀಪಕ್ಕೆ ಬಂದಿದೆ. ಮೊನ್ನೆ ಅದನ್ನು ತಿರುವಿಹಾಕುತ್ತಿದ್ದಾಗ ಕಂಡೆ: ಜ್ಯೇಷ್ಠದಲ್ಲಿ ವಾರಕ್ಕೆ ಹದಿನಾಲ್ಕು ಇದ್ದ ನಿಂಬೆಹಣ್ಣು ಶ್ರಾವಣಕ್ಕೆ ನಾಲ್ಕಾಗಿದೆ.